ಬಚ್ಚಲುಮನೆಯ ತಾಮ್ರದ ಬಾಯ್ಲರು: ಮಾರುವುದೋ, ದುರಸ್ತಿ ಮಾಡಿಸುವುದೋ?

ಹಳೆಯ ಮನೆಯನ್ನು ರಿಪೇರಿ ಮಾಡಿಸಿ ಹೊಸದಾಗಿಸಲು ಹೊರಟ ಸಂಸಾರಗಳಲ್ಲಿ ಮೊದಲ ಭಿನ್ನಾಭಿಪ್ರಾಯ ಹುಟ್ಟುವುದು ಬಹುಮಟ್ಟಿಗೆ ಬಚ್ಚಲುಮನೆಯಲ್ಲಿ. ಮೂಲೆಯಲ್ಲಿ ಮಸಿ ಹಿಡಿದು ನಿಂತಿರುವ ತಾಮ್ರದ ಬಾಯ್ಲರನ್ನು ತೂಕಕ್ಕೆ ಹಾಕಿಬಿಡೋಣವೆಂದು ಮಗ ಹೇಳುತ್ತಾನೆ. ಅತ್ತೆಯವರ ಕಾಲದಿಂದ ಬಂದ ಪಾತ್ರೆ, ಅದರ ನೀರಿನ ಹಿತ ಗೀಸರಿನ ನೀರಿಗೆ ಎಲ್ಲಿಂದ ಬರಬೇಕೆಂದು ತಾಯಿ ಕೇಳುತ್ತಾಳೆ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ಆದರೆ ಈ ವ್ಯಾಜ್ಯದ ತೀರ್ಪನ್ನು ಬಾಯ್ಲರಿಗೇ ಬಿಡುವುದು ಲೇಸು. ಪರೀಕ್ಷಿಸುವ ಬಗೆ ಬಲ್ಲವರಿಗೆ ಅದು ತನ್ನ ಆರೋಗ್ಯವನ್ನು ತಾನೇ ಹೇಳುತ್ತದೆ. ಅದು ಹೇಳುವ ಮಾತನ್ನು ಕೇಳದೆ ಮಾರಿದರೆ ನಷ್ಟ. ಕೇಳದೆ ದುರಸ್ತಿ ಮಾಡಿಸಿದರೆ ಕೆಲವೊಮ್ಮೆ ಪ್ರಾಣಾಪಾಯ.

ಹಂಡೆಯ ಮುಂದಿನ ಹೆಜ್ಜೆ

ಒಲೆಯ ಮೇಲೆ ಹೂತಿಟ್ಟ ಹಂಡೆಯೇ ನಮ್ಮ ಬಚ್ಚಲುಗಳ ಮೂಲ ದೇವತೆ. ಹಂಡೆಯಲ್ಲಿ ಬೆಂಕಿ ತಳವನ್ನಷ್ಟೇ ಮುಟ್ಟುತ್ತದೆ. ಶಾಖದ ಬಹುಪಾಲು ಪಕ್ಕದಿಂದ ಹಾರಿಹೋಗುತ್ತದೆ. ಬಾಯ್ಲರನ್ನು ರೂಪಿಸಿದವರು ಬೆಂಕಿಯ ದಾರಿಯನ್ನು ನೀರಿನ ಹೊಟ್ಟೆಯೊಳಗಿಂದಲೇ ಹಾಯಿಸಿದರು. ಉರುಳೆಯಾಕಾರದ ತಾಮ್ರದ ಪಾತ್ರೆ, ಅದರ ನಟ್ಟನಡುವೆ ತಳದಿಂದ ತಲೆಯವರೆಗೆ ಏರುವ ಕೊಳವೆ, ಕೆಳಗೆ ಕಂಬಿಗಳ ಜಾಲರಿ, ಅದರಡಿಯಲ್ಲಿ ಬೂದಿ ಬೀಳುವ ಜಾಗ: ಇಷ್ಟೇ ಅದರ ರಚನೆ. ನಾಲ್ಕು ಸೀಳು ಸೌದೆಯಾಗಲಿ, ತೆಂಗಿನ ಕರಟವಾಗಲಿ ಉರಿದರೆ ಜ್ವಾಲೆ ನಡುಕೊಳವೆಯಲ್ಲಿ ಏರುತ್ತ ಸುತ್ತಲಿನ ನೀರನ್ನು ಕಾಯಿಸುತ್ತದೆ. ತಾಮ್ರವು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ ಈ ಕೆಲಸಕ್ಕೆ ಅದೇ ಯೋಗ್ಯ ಲೋಹವೆನಿಸಿತು.

ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳಾಯಿಗಳಲ್ಲಿ ಹರಿದು ಬಂದಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದವು. ಇಂಥ ಬಡಾವಣೆಗಳ ಹಳೆಯ ಮನೆಗಳಲ್ಲಿ, ಮೈಸೂರಿನ ಹೆಂಚಿನ ಮನೆಗಳಲ್ಲಿ, ಇಂದಿಗೂ ಅಲ್ಲಲ್ಲಿ ಈ ಬಾಯ್ಲರುಗಳು ಕಾಣಸಿಗುತ್ತವೆ. ಮರಾಠಿ ಮಾತನಾಡುವವರು ಇದನ್ನೇ ‘ಬಂಬ’ ಎನ್ನುತ್ತಾರೆ.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಮೇಲಿನ ಲಾಳಿಕೆಯಲ್ಲಿ ಒಂದು ತಂಬಿಗೆ ತಣ್ಣೀರು ಸುರಿದರೆ, ಅದು ತಳಕ್ಕಿಳಿದು, ಅಷ್ಟೇ ಬಿಸಿನೀರನ್ನು ಮೇಲಿನ ಮೂತಿಯಿಂದ ಹೊರದಬ್ಬುತ್ತದೆ. ಈ ಬಾಯ್ಲರು ಸದಾ ತುಂಬಿಯೇ ಇರುತ್ತದೆ. ಇನ್ನೊಂದರಲ್ಲಿ ಕೆಳಗೆ ನಲ್ಲಿಯಿರುತ್ತದೆ. ತಿರುಗಿಸಿದಷ್ಟು ಹೊತ್ತೂ ನೀರು ಬರುತ್ತದೆ, ಕೊನೆಗೆ ಬರಿದಾಗುತ್ತದೆ. ಯಾವ ಬಗೆಯೇ ಆಗಲಿ, ಅದರ ಕ್ಷೇಮ ಮೂರು ದಾರಿಗಳನ್ನು ನೆಚ್ಚಿದೆ: ನೀರಿನ ದಾರಿ, ಆವಿಯ ದಾರಿ, ಹೊಗೆಯ ದಾರಿ. ಮೂರೂ ತೆರೆದಿರುವವರೆಗೆ ಬಾಯ್ಲರು ಸಾಧುಪ್ರಾಣಿ. ದುರಸ್ತಿಯ ಧರ್ಮವೆಲ್ಲ ಈ ಮೂರನ್ನು ಕಾಪಾಡುವುದರಲ್ಲಿ ಅಡಗಿದೆ.

ಸೋರಿಕೆಯೋ, ಬೆವರೋ?

ಮಳೆಗಾಲದ ಮುಂಜಾನೆ ಬಾಯ್ಲರಿಗೆ ಬೆಂಕಿ ಹಾಕಿದೊಡನೆ ಜಾಲರಿಯ ಮೇಲೆ ತೊಟ್ಟು ತೊಟ್ಟಾಗಿ ನೀರು ಬಿದ್ದು ಚುಂಯ್ ಎನ್ನುತ್ತದೆ. ಮನೆಯವರು ಕೊಳವೆ ತೂತಾಯಿತೆಂದು ಗಾಬರಿಯಾಗುತ್ತಾರೆ. ಅನೇಕ ವೇಳೆ ಅದು ತೂತಲ್ಲ. ಸೌದೆ ಉರಿಯುವಾಗ ಹೊಗೆಯೊಡನೆ ನೀರಾವಿಯೂ ಹೊರಡುತ್ತದೆ. ಅದು ತಣ್ಣಗಿರುವ ತಾಮ್ರದ ಕೊಳವೆಯನ್ನು ತಾಗಿ ಹನಿಗಟ್ಟಿ ಕೆಳಗುರುಳುತ್ತದೆ. ನೀರು ಬೆಚ್ಚಗಾದ ಮೇಲೆ ಹನಿ ನಿಂತರೆ ಅದು ಬೆವರು. ಕಾದ ಮೇಲೂ ನಿಲ್ಲದಿದ್ದರೆ ಸೋರಿಕೆ.

ಸಂಶಯವಿದ್ದಲ್ಲಿ ಬೆಂಕಿಯಿಲ್ಲದೆ ಪರೀಕ್ಷಿಸುವುದು ಮೇಲು. ಬೂದಿಯನ್ನು ತೆಗೆದು, ಒಲೆಯನ್ನು ಒರೆಸಿ, ಒಣಗಿದ ಕಾಗದವೊಂದನ್ನು ಜಾಲರಿಯ ಕೆಳಗೆ ಹಾಸಿ, ಬಾಯ್ಲರನ್ನು ಬಾಯಿಮಟ್ಟ ತುಂಬಿ ರಾತ್ರಿಯೆಲ್ಲ ಬಿಟ್ಟರಾಯಿತು. ಬೆಳಗಿಗೆ ಕಾಗದ ಒದ್ದೆಯಾಗಿದ್ದರೆ ದೋಷ ನಡುಕೊಳವೆಯಲ್ಲಿಯೋ ತಳದ ಅಂಚಿನಲ್ಲಿಯೋ ಇದೆ. ಹೊರಮೈಯಲ್ಲಿ ಬೆಸುಗೆಯ ಗೆರೆಯುದ್ದಕ್ಕೂ ಹಸಿರು ಕಿಲುಬು ಗೆರೆಕಟ್ಟಿದ್ದರೆ ಅಲ್ಲಿ ಬಹುದಿನಗಳಿಂದ ನೀರು ಜಿನುಗುತ್ತಿದೆಯೆಂದು ತಿಳಿಯಬೇಕು. ನಲ್ಲಿಯ ಬುಡದಲ್ಲಿ ಮಾತ್ರ ಸೋರಿದರೆ ಹೊಸ ವಾಷರಿನಿಂದಲೇ ಕೆಲಸವಾಗಬಹುದು. ಇಷ್ಟನ್ನು ಮೊದಲೇ ನೋಡಿಕೊಂಡ ಗೃಹಿಣಿ ಕುಶಲಕರ್ಮಿಯ ಮುಂದೆ ಕಕ್ಕಾಬಿಕ್ಕಿಯಾಗಬೇಕಾಗಿಲ್ಲ.

ಬೆಸುಗೆಯನ್ನು ಕಾಯುವ ನೀರು

ತೂತು ಮುಚ್ಚುವ ಕೆಲಸದಲ್ಲಿಯೂ ಎರಡು ತರವುಂಟು. ಸೀಸ ಬೆರೆತ ತವರದ ಮೆದು ಬೆಸುಗೆ ಸುಮಾರು 183 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗತೊಡಗುತ್ತದೆ. ಹಿತ್ತಾಳೆಯ ಗಟ್ಟಿ ಬೆಸುಗೆಗಾದರೋ ಅದರ ಹಲವು ಪಟ್ಟು ಶಾಖ ಬೇಕು. ಸೌದೆಯ ಜ್ವಾಲೆ ಮೆದು ಬೆಸುಗೆ ಕರಗುವುದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾದುದು. ಹಾಗಿದ್ದರೂ ಅಂಥ ಬೆಸುಗೆ ವರ್ಷಗಟ್ಟಲೆ ನಿಲ್ಲುವುದುಂಟು. ಅದಕ್ಕೆ ಕಾರಣ ಹಿಂಬದಿಯಲ್ಲಿರುವ ನೀರು. ತೆರೆದ ಪಾತ್ರೆಯ ನೀರು 100 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವುದರಿಂದ, ಅದನ್ನು ತಬ್ಬಿಕೊಂಡಿರುವ ತಗಡೂ ಅದಕ್ಕಿಂತ ಬಹಳ ಮೇಲೇರದು. ನೀರು ಇಳಿದುಹೋದರೆ ಈ ರಕ್ಷಣೆಯೂ ಹೋಯಿತು. ಕೆಲವೇ ನಿಮಿಷಗಳಲ್ಲಿ ಬೆಸುಗೆ ಕರಗಿ ಬೂದಿಯೊಳಗೆ ಬೀಳುತ್ತದೆ.

ಆದುದರಿಂದ ಬೆಂಕಿ ತಾಗುವ ನಡುಕೊಳವೆ ಮತ್ತು ತಳಗಳಿಗೆ ಗಟ್ಟಿ ಬೆಸುಗೆಯನ್ನೇ ಹಾಕಿಸಬೇಕು. ಮೆದು ಬೆಸುಗೆ ಅಗ್ಗವಾದರೂ ಹೊರಮೈಯ ಜೋಡಣೆಗಳಿಗೆ ಮಾತ್ರ ತಕ್ಕುದು. ಬೆಲೆಯನ್ನು ಕೇಳುವ ಮುನ್ನ ‘ಯಾವ ಬೆಸುಗೆ?’ ಎಂದು ಕೇಳುವುದು ಜಾಣತನ. ಕೆಳಗೆ ನಲ್ಲಿಯಿರುವ ಬಾಯ್ಲರಿನಲ್ಲಿ ಬೆಂಕಿ ಇರುವಾಗ ನೀರನ್ನು ಪೂರ್ತಿ ಬಸಿಯಬಾರದು. ಅಕಸ್ಮಾತ್ತಾಗಿ ಬರಿದೇ ಉರಿದಿದ್ದರೆ ತಣ್ಣೀರನ್ನು ಸುರಿಯುವುದು ಮಹಾ ತಪ್ಪು: ಕೆಂಪಗೆ ಕಾದ ತಗಡಿನಿಂದ ಒಮ್ಮೆಲೇ ಚಿಮ್ಮುವ ಆವಿ ಮುಖವನ್ನೇ ಸುಟ್ಟೀತು. ಸೌದೆಯನ್ನು ಹೊರಗೆಳೆದು ಬಾಯ್ಲರು ತಾನಾಗಿ ಆರುವವರೆಗೆ ಕಾಯಬೇಕು.

ಇನ್ನೊಂದು ಮಾತು. ಸೀಸದ ಬೆಸುಗೆಯಿರುವ, ಒಳಗೆ ಕಲಾಯಿಯಿಲ್ಲದ ಬಾಯ್ಲರಿನ ನೀರು ಸ್ನಾನಕ್ಕೆ ಸರಿಯೇ ಹೊರತು ಕಾಫಿಗಾಗಲಿ ಅಡುಗೆಗಾಗಲಿ ಸಲ್ಲದು. ಬೆಳಗಿನ ಅವಸರದಲ್ಲಿ ಅಲ್ಲಿಂದಲೇ ಒಂದು ಚೊಂಬು ಬಿಸಿನೀರು ತರುವ ವಾಡಿಕೆಯಿದ್ದರೆ ಬಿಟ್ಟುಬಿಡುವುದೇ ಒಳಿತು.

ಗಡಸು ನೀರಿನ ಕಾಟ

ತಿಪ್ಪಗೊಂಡನಹಳ್ಳಿಯ ನೀರು 1933ರಲ್ಲಿ, ಕಾವೇರಿಯ ನೀರು 1974ರಲ್ಲಿ ಬೆಂಗಳೂರಿಗೆ ಬಂದರೂ ಅನೇಕ ಮನೆಗಳು ಕೊಳವೆಬಾವಿಯನ್ನೂ ನೆಚ್ಚಿಕೊಂಡಿವೆ. ಕೊಳವೆಬಾವಿಯ ನೀರು ಬಹಳಷ್ಟು ಕಡೆ ಗಡಸು. ಅದರಲ್ಲಿ ಕರಗಿರುವ ಸುಣ್ಣದ ಅಂಶ ಕಾಯಿಸಿದಾಗ ಬಿಳಿಯ ಹಕ್ಕಳೆಯಾಗಿ ಕೊಳವೆಗೂ ತಳಕ್ಕೂ ಅಂಟಿಕೊಳ್ಳುತ್ತದೆ. ತಾಮ್ರಕ್ಕೆ ಹೋಲಿಸಿದರೆ ಈ ಹಕ್ಕಳೆ ಶಾಖ ಸಾಗಿಸುವುದರಲ್ಲಿ ನೂರು ಪಟ್ಟಿಗಿಂತಲೂ ಮಂದ. ಸೌದೆ ಹೆಚ್ಚು ಬೇಕಾಗುವುದು ಒಂದು ನಷ್ಟ. ತಗಡಿಗೂ ನೀರಿಗೂ ನಡುವೆ ಗೋಡೆಯೆದ್ದು, ನೀರು ತುಂಬಿದ್ದರೂ ತಗಡು ಮಿತಿಮೀರಿ ಕಾಯುವುದು ಅದಕ್ಕಿಂತ ದೊಡ್ಡ ನಷ್ಟ. ಕಾಯುವಾಗ ಬಾಯ್ಲರು ಗುಡುಗುಡಿಸುತ್ತಿದ್ದರೆ ಒಳಗೆ ಸುಣ್ಣ ಕಟ್ಟಿರಬಹುದೆಂದು ಊಹಿಸಬಹುದು.

ಸುತ್ತಿಗೆಯಿಂದ ಬಡಿದು ಇದನ್ನು ಉದುರಿಸಲು ಹೋದರೆ ತಗಡೇ ಬಿರಿದೀತು. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬೆಂಕಿಯಿಲ್ಲದ ಬಾಯ್ಲರಿಗೆ ತುಂಬಿ, ಬಾಯಿಯನ್ನು ತೆರೆದಿಟ್ಟರೆ ಗುಳ್ಳೆಗಳೆದ್ದು ಹಕ್ಕಳೆ ಸಡಿಲವಾಗುತ್ತದೆ. ಗುಳ್ಳೆಗಳು ನಿಂತ ಮೇಲೆ ಬಸಿದು ಎರಡು ಮೂರು ಸಲ ತೊಳೆಯಬೇಕು. ಹುಳಿ ದಿನಗಟ್ಟಲೆ ನಿಂತರೆ ತಾಮ್ರವನ್ನೂ ತಿನ್ನುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಇಲ್ಲಿಗೆ ತರಲೇಬಾರದು. ಬ್ಲೀಚಿಂಗ್ ಪೌಡರನ್ನು ಯಾವ ಹುಳಿಯೊಡನೆ ಬೆರೆಸಿದರೂ ವಿಷವಾಯು ಹೊರಡುತ್ತದೆ.

ಅಪಾಯದ ಸುಧಾರಣೆ

ಹಳೆಯ ಬಾಯ್ಲರುಗಳಿಗೆ ಮುಪ್ಪಿಗಿಂತಲೂ ‘ಸುಧಾರಣೆ’ಯಿಂದ ಒದಗುವ ಕೇಡು ಭಯಂಕರವಾದುದು. ಲಾಳಿಕೆಯಲ್ಲಿ ನೀರು ಸುರಿಯುವ ತೊಂದರೆ ತಪ್ಪಲೆಂದು ಮನೆಯ ಯಜಮಾನರು ಮಹಡಿಯ ತೊಟ್ಟಿಯಿಂದ ನೇರವಾಗಿ ಕೊಳವೆ ಹಾಕಿಸಿ, ಮೇಲಿನ ಮೂತಿಗೆ ನಲ್ಲಿ ಕೂಡಿಸಲು ಹೇಳುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಅಲ್ಲಿಯವರೆಗೆ ತೆರೆದ ಪಾತ್ರೆಯಾಗಿದ್ದದ್ದು ಅಂದಿನಿಂದ ಮುಚ್ಚಿದ ಪಾತ್ರೆಯಾಗುತ್ತದೆ.

ಲೆಕ್ಕ ಸುಲಭವಾಗಿದೆ. 60 ಸೆಂಟಿಮೀಟರು ಎತ್ತರ, 40 ಸೆಂಟಿಮೀಟರು ವ್ಯಾಸದ ಬಾಯ್ಲರಿನ ತಳದ ಮೇಲೆ ಅದರದೇ ನೀರು ಸುಮಾರು 75 ಕಿಲೋಗ್ರಾಂ ಭಾರ ಹೇರುತ್ತದೆ. ತೊಟ್ಟಿಯ ನೀರಿನ ಮಟ್ಟ ಆ ತಳಕ್ಕಿಂತ 3 ಮೀಟರು ಮೇಲಿದ್ದರೆ ಅದೇ ತಳ ತಡೆಯಬೇಕಾದ ಭಾರ ಸುಮಾರು 375 ಕಿಲೋಗ್ರಾಂ, ಐದು ಪಟ್ಟು. ತೆಳು ತಗಡಿನ ಪಾತ್ರೆಯನ್ನು ಮಾಡಿದ ಕಂಚುಗಾರ ಇಂಥ ಹೊರೆಯನ್ನು ಎಣಿಸಿರಲಿಲ್ಲ. ಇದರೊಡನೆ ಹಿಗ್ಗುವಿಕೆ ಬೇರೆ. 50 ಲೀಟರು ನೀರು 20ರಿಂದ 80 ಡಿಗ್ರಿಗೆ ಕಾದಾಗ ಸುಮಾರು 1.3 ಲೀಟರು ಹಿಗ್ಗುತ್ತದೆ. ತೆರೆದ ಬಾಯ್ಲರಿನಲ್ಲಿ ಅಷ್ಟು ನೀರು ಮೂತಿಯಿಂದ ಚೆಲ್ಲಿಹೋಗುತ್ತದೆ. ಎರಡು ಕಡೆಯೂ ನಲ್ಲಿ ಬಿಗಿದಿದ್ದರೆ ಎಲ್ಲಿಗೆ ಹೋಗಬೇಕು? ಇನ್ನೂ ಉರಿಸಿದರೆ ಒತ್ತಡದಲ್ಲಿ ಸಿಕ್ಕಿಬಿದ್ದ ನೀರು 100 ಡಿಗ್ರಿಯನ್ನು ದಾಟಿ ಕಾಯುತ್ತದೆ. ಎಲ್ಲಾದರೂ ಬೆಸುಗೆ ಬಿಟ್ಟ ಗಳಿಗೆಯಲ್ಲಿ ಅದರ ಒಂದು ಭಾಗ ತಟ್ಟನೆ ಆವಿಯಾಗುತ್ತದೆ. ಒಂದು ಲೀಟರು ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಸ್ನಾನದ ಕೋಣೆಯಲ್ಲಿ ಅದರ ಅರ್ಥವೇನೆಂಬುದನ್ನು ವಿವರಿಸಬೇಕಾಗಿಲ್ಲ.

ಸೌದೆಯ ಬೆಂಕಿಯನ್ನು ಗೀಸರಿನ ವಿದ್ಯುತ್ತಿನಂತೆ ಥಕ್ಕನೆ ಆರಿಸುವ ಉಪಾಯವಿಲ್ಲವೆಂಬುದನ್ನೂ ನೆನೆಯಬೇಕು. ಆದುದರಿಂದ ಮೂತಿಗೆ ಬಿರಡೆಯನ್ನಾಗಲಿ ನಲ್ಲಿಯನ್ನಾಗಲಿ ಕೂಡಿಸಬಾರದು. ತೊಟ್ಟಿಯ ಕೊಳವೆ ಬೇಕೇ ಬೇಕೆಂದರೆ ಅದು ಲಾಳಿಕೆಯ ಮೇಲೆ, ನಡುವೆ ಗಾಳಿಯ ಅಂತರ ಬಿಟ್ಟು ಸುರಿಯಲಿ. ಬಾಯ್ಲರಿಗೆ ನೇರವಾಗಿ ಕೂಡದಿರಲಿ. ಒಳಗೆ ವಿದ್ಯುತ್ತಿನ ಕಾಯಿಲನ್ನು ಇಳಿಬಿಡುವ ಉಪಾಯವೂ ಅಷ್ಟೇ ಕೆಟ್ಟದ್ದು. ಮೈಯೆಲ್ಲ ತಾಮ್ರವಾದ ಪಾತ್ರೆ, ಒದ್ದೆ ನೆಲ, ಬರಿಗಾಲು: ಈ ಮೂರೂ ಸೇರುವಲ್ಲಿ ವಿದ್ಯುತ್ತಿಗೆ ಬೇರೆ ಆಹ್ವಾನ ಬೇಕಿಲ್ಲ.

ಕಣ್ಣಿಗೆ ಕಾಣದ ವಿಷ

ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ 1868ರಲ್ಲಿ ಗ್ಯಾಸಿನಿಂದ ನೀರು ಕಾಯಿಸುವ ಯಂತ್ರವೊಂದನ್ನು ಕಂಡುಹಿಡಿದು, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯನ್ನು ನೆನೆದು ಅದಕ್ಕೆ ‘ಗೀಸರ್’ ಎಂದು ಹೆಸರಿಟ್ಟ. ಇಂದು ಮನೆಮನೆಯ ಮಾತಾಗಿರುವ ಈ ಹೆಸರಿನ ಮೊದಲ ಯಂತ್ರಕ್ಕೆ ಹೊಗೆ ಹೋಗುವ ಕೊಳವೆಯೇ ಇರಲಿಲ್ಲ. ಸ್ನಾನದ ಕೋಣೆಯಲ್ಲಿ ಅದೆಂಥ ಅಪಾಯವೆಂಬುದನ್ನು ಜನರು ಕಷ್ಟಪಟ್ಟು ಕಲಿಯಬೇಕಾಯಿತು.

ಹಿಂದಿನ ಬಚ್ಚಲುಮನೆಗಳು ಹಿತ್ತಲಿನ ಕಡೆಗಿದ್ದವು. ಗವಾಕ್ಷಿಯಿತ್ತು, ಹೆಂಚಿನ ಸಂದುಗಳಿದ್ದವು. ಮನೆಯನ್ನು ಹೊಸದಾಗಿಸುವಾಗ ಕಾಂಕ್ರೀಟಿನ ಚಾವಣಿ ಬರುತ್ತದೆ, ಕಿಟಕಿಗೆ ಗಾಜು ಬರುತ್ತದೆ, ಬಾಯ್ಲರು ಮಾತ್ರ ಅಲ್ಲೇ ಉಳಿಯುತ್ತದೆ. ಗಾಳಿ ಸಾಲದೆ ಉರಿಯುವ ಸೌದೆ, ಇದ್ದಲುಗಳಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಿಂದ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಇದರ ಮೊದಲ ಗುರುತುಗಳು. ಎಣ್ಣೆಸ್ನಾನದ ಆಯಾಸವೆಂದು ಇವನ್ನು ಕಡೆಗಣಿಸುವುದು ಸುಲಭ. ಹೊಗೆಕೊಳವೆ ಚಾವಣಿಯನ್ನು ದಾಟಿ ಹೊರಹೋಗಲೇಬೇಕು, ಆಗಿಂದಾಗ್ಗೆ ಮಸಿ ತೆಗೆಯಲೇಬೇಕು, ಗಾಳಿಯ ಕಿಂಡಿಯನ್ನು ಚಳಿಯ ನೆಪದಿಂದ ಮುಚ್ಚಬಾರದು. ಇಷ್ಟಕ್ಕೆ ಮನೆ ಒಪ್ಪದಿದ್ದರೆ ಬಾಯ್ಲರನ್ನು ಒಳಗೆ ಉರಿಸಬಾರದು. ಗ್ಯಾಸಿನ ಗೀಸರಿಗೂ ಇದೇ ನಿಯಮ. ಅದರ ಸ್ಥಾನ ಬಚ್ಚಲಿನ ಹೊರಗೆ.

ಬೀಳ್ಕೊಡುವ ಹೊತ್ತು

ಒಂದೆರಡು ಕಡೆ ಸೋರುವ, ಉಳಿದೆಡೆ ತಗಡು ಗಟ್ಟಿಯಾಗಿರುವ ಬಾಯ್ಲರು ದುರಸ್ತಿಗೆ ಅರ್ಹ. ಹೆಬ್ಬೆರಳಿನಿಂದ ಒತ್ತಿದರೆ ತಳ ತಗ್ಗುವಂತಿದ್ದರೆ, ಒಂದು ತೂತು ಮುಚ್ಚಿದ ತಿಂಗಳಲ್ಲಿ ಪಕ್ಕದಲ್ಲಿ ಇನ್ನೊಂದು ತೆರೆದರೆ, ತಗಡೇ ಸವೆದಿದೆ. ಆಗ ಎಷ್ಟು ಬೆಸುಗೆ ಹಾಕಿಸಿದರೂ ಹಣ ಬೂದಿಯಲ್ಲಿ ಹೋಮ ಮಾಡಿದಂತೆ. ಅಂಥ ಬಾಯ್ಲರನ್ನು ಮಾರುವುದರಲ್ಲಿ ಹಿರಿಯರಿಗೆ ಅಗೌರವವೇನೂ ಇಲ್ಲ. ತಾಮ್ರ ಕರಗಿ ಮತ್ತೊಂದು ಪಾತ್ರೆಯಾಗಿ ಹುಟ್ಟುತ್ತದೆ.

ಪರೀಕ್ಷೆಗೆ ಬೇರೆ ದಿನ ಹುಡುಕಬೇಕಾಗಿಲ್ಲ. ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಬರಿದುಮಾಡಿ, ಹುಣಸೆಹಣ್ಣಿನಿಂದ ಬೆಳಗಿ, ರಂಗೋಲಿಯಿಟ್ಟು, ಹೊಸ ನೀರು ತುಂಬಿ ಪೂಜಿಸುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ವರ್ಷಕ್ಕೊಮ್ಮೆಯಾದರೂ ಪಾತ್ರೆಯ ಒಳಹೊರಗನ್ನು ಕಣ್ಣಿಟ್ಟು ನೋಡುವ ಅವಕಾಶ ಅಂದು ತಾನಾಗಿ ಒದಗುತ್ತದೆ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಬಾಯ್ಲರನ್ನು ಬರಿದುಮಾಡಿ ನೋಡುವ ಮನೆಯವರಿಗೆ ಕಂಚುಗಾರನೂ ಬಿಡುವಾಗಿ ಸಿಗುತ್ತಾನೆ, ಚತುರ್ದಶಿಯ ಎಣ್ಣೆಸ್ನಾನವೂ ನಿಶ್ಚಿಂತೆಯಿಂದ ಆಗುತ್ತದೆ.