ಇಂಗ್ಲೆಂಡಿನ ಕೌಂಟಿಯಲ್ಲಿ ಮೈಸೂರಿನ ಶ್ರೀನಾಥ್

ಹೋದ ಭಾನುವಾರ ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ ಒಂದು ಮಾತು ಬೆಳೆಯಿತು. ಕಲ್ಯಾಣದಿಂದ ಬರುವ ಮಿತ್ರರೊಬ್ಬರು, ಭಾರತದ ತಂಡದಲ್ಲಿ ಆಡುತ್ತಿದ್ದ ಶ್ರೀನಾಥ್ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಯಾವುದೋ ಜಿಲ್ಲೆಯ ಪರವಾಗಿ ಏಕೆ ಆಡಬೇಕಾಗಿತ್ತು, ದುಡ್ಡಿನ ಆಸೆಯಲ್ಲವೆ, ಎಂದರು. ಹಾಗಾದರೆ ನಾವು ನೀವು ಊರು ಬಿಟ್ಟು ಡೊಂಬಿವಲಿಗೆ ಬಂದದ್ದು ಯಾತಕ್ಕೆ ಸ್ವಾಮಿ, ಎಂದು ಇನ್ನೊಬ್ಬರು ಕೇಳಿದರು. ಎಲ್ಲರೂ ನಕ್ಕು ಎದ್ದೆವು. ಆದರೆ ಪ್ರಶ್ನೆ ಹಾಗೆಯೇ ಉಳಿಯಿತು. ತಿಳಿದಷ್ಟನ್ನು ಬರೆಯುತ್ತೇವೆಂದು ಅಂದೇ ಒಪ್ಪಿಕೊಂಡಿದ್ದೆವು.

ಮೊದಲು ಕೌಂಟಿ ಎಂದರೇನು ಎಂಬುದನ್ನು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಕ್ರಿಕೆಟ್ ಆಡುವುದು ಒಂದು ನೌಕರಿ. ಹದಿನೆಂಟು ಕೌಂಟಿಗಳುಂಟು. ಒಂದೊಂದು ಕೌಂಟಿಯೂ ಆಟಗಾರರನ್ನು ಕರಾರಿನ ಮೇಲೆ ಸಂಬಳಕ್ಕೆ ಇಟ್ಟುಕೊಳ್ಳುತ್ತದೆ. ಏಪ್ರಿಲಿನಲ್ಲಿ ಆಟ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೆ ಬಿಡುವಿಲ್ಲ. 1995ರ ಲೆಕ್ಕ ಹಿಡಿದರೆ, ಒಂದೊಂದು ಕೌಂಟಿಗೂ ನಾಲ್ಕು ದಿನದ ಪಂದ್ಯಗಳೇ ಹದಿನೇಳು. ಅವುಗಳ ನಡುವೆ ಭಾನುವಾರದ ನಲವತ್ತು ಓವರಿನ ಆಟ, ಇನ್ನೆರಡು ಕಪ್ಪುಗಳ ಆಟ. ನಮ್ಮ ಗಿರಣಿಯಲ್ಲಿ ಪಾಳಿ ಬದಲಾಗುವ ಹಾಗೆ ಅಲ್ಲಿ ಊರು ಬದಲಾಗುತ್ತದೆ, ಅಷ್ಟೆ, ಕೆಲಸ ಅದೇ. ಹೊರದೇಶದ ಆಟಗಾರರನ್ನು ಆಗ ಕೌಂಟಿಗೆ ಒಬ್ಬರಂತೆ ಮಾತ್ರ ಇಟ್ಟುಕೊಳ್ಳಬಹುದಾಗಿತ್ತು. ಆದ್ದರಿಂದ ಆ ಒಬ್ಬನಿಂದ ಒಬ್ಬನ ಕೆಲಸವಲ್ಲ, ಇಬ್ಬರ ಕೆಲಸ ತೆಗೆಯುತ್ತಿದ್ದರು.

ಇನ್ನು ಶ್ರೀನಾಥರ ವಿಷಯ. ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರಲ್ಲಿ ಮೈಸೂರಿನಲ್ಲಿ. ಇಂಜಿನಿಯರಿಂಗ್ ಓದಿದ್ದೂ ಅಲ್ಲಿಯೇ. 1989ರಲ್ಲಿ ಕರ್ನಾಟಕದ ಪರವಾಗಿ ಹೈದರಾಬಾದಿನ ಮೇಲೆ ಆಡಿದ ಮೊಟ್ಟಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು. 1991ರಲ್ಲಿ ಭಾರತದ ತಂಡಕ್ಕೆ ಸೇರಿ ಆಸ್ಟ್ರೇಲಿಯಕ್ಕೆ ಹೋದರು. ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಪರದೇಶದ ಪ್ರವಾಸವಾದರೆ ಶ್ರೀನಾಥ್ ಬೇಕು. ನಮ್ಮ ಒಣ ನೆಲದಲ್ಲಿ ಆಟವಾದರೆ ಮೂವರು ಸ್ಪಿನ್ನರುಗಳು ಬೇಕು, ಹೊಸ ಚೆಂಡಿಗೆ ಕಪಿಲ್ ದೇವ್ ಇದ್ದೇ ಇದ್ದರು. ತವರು ನೆಲದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರ ನವೆಂಬರಿನಲ್ಲಿ, ಕಪಿಲ್ ಆಟ ಬಿಟ್ಟ ಮೇಲೆ, ವೆಸ್ಟ್ ಇಂಡೀಸ್ ವಿರುದ್ಧ. ಅದೂ ನಮ್ಮ ವಾಂಖೇಡೆಯಲ್ಲಿ. ಅಲ್ಲಿ ಬ್ಯಾಟಿನಿಂದಲೂ ಅರವತ್ತು ರನ್ ಹೊಡೆದರು. ಮೂರು ವರ್ಷ ಬದಲಿ ಗುಮಾಸ್ತನಂತೆ ಕುಳಿತವನಿಗೆ ಖಾಯಂ ಕುರ್ಚಿ ಸಿಕ್ಕಾಗ ಏನನ್ನಿಸುತ್ತದೆಂದು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾರನೆಯ ವರ್ಷವೇ ಗ್ಲಾಸ್ಟರ್‌ಶೈರಿನ ಕರೆ ಬಂತು. ಬ್ರಿಸ್ಟಲ್ ಅದರ ಮುಖ್ಯ ಊರು. ಅಲ್ಲಿ ವರ್ಷಗಟ್ಟಲೆ ಬೌಲ್ ಮಾಡುತ್ತಿದ್ದವರು ಜಮೈಕಾದ ಕರ್ಟ್ನಿ ವಾಲ್ಷ್. 1995ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡಿಗೆ ಬಂದದ್ದರಿಂದ ವಾಲ್ಷ್ ತಮ್ಮ ದೇಶದ ಪರವಾಗಿ ಆಡಬೇಕಾಯಿತು, ಜಾಗ ತೆರವಾಯಿತು. ನಮ್ಮಲ್ಲಿ ಬಿಸಿಲು, ಆಮೇಲೆ ಮಳೆ, ಆಗೆಲ್ಲ ಕ್ರಿಕೆಟ್ಟಿಗೆ ರಜೆ ಇರುತ್ತಿತ್ತು. ಅವರಲ್ಲಿ ಅದೇ ಸುಗ್ಗಿ. ಊರಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಕೆಲಸವಿರುವ ಕಡೆ ಹೋಗುವ ಪದ್ಧತಿ ಬಿಜಾಪುರ, ಗುಲಬರ್ಗಾ ಕಡೆಯವರಿಗೆ ಹೊಸದೇನಲ್ಲ.

ಆ ಒಂದೇ ಋತುವಿನಲ್ಲಿ ಶ್ರೀನಾಥ್ 87 ವಿಕೆಟ್ ತೆಗೆದರು. ಅಬರ್ಗವೆನ್ನಿ ಎಂಬ ಊರಿನಲ್ಲಿ ಗ್ಲಾಮೊರ್ಗನ್ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 76 ರನ್ನಿಗೆ 9 ವಿಕೆಟ್. ಅವರ ಇಡೀ ಬಾಳುವೆಯಲ್ಲಿ ಅದಕ್ಕಿಂತ ಹೆಚ್ಚಿನ ಗಳಿಕೆ ಇಲ್ಲ. ಅದೇ ಬೇಸಿಗೆ ನಾರ್ಥಾಂಪ್ಟನ್‌ಶೈರಿನಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ 105 ವಿಕೆಟ್ ಪಡೆದರು. ಇಬ್ಬರು ಕನ್ನಡಿಗರು, ಒಂದೇ ಬೇಸಿಗೆ, ಒಟ್ಟು 192. ಈ ಕೂಡುವ ಲೆಕ್ಕ ನಮ್ಮದು, ಗುಮಾಸ್ತನ ಚಾಳಿ.

ಆದರೆ ಕುಂಬ್ಳೆಯವರ ದುಡಿಮೆ ಬೇರೆ, ವೇಗದ ಬೌಲರಿನ ದುಡಿಮೆ ಬೇರೆ. ದಿನಕ್ಕೆ 20 ಓವರ್ ಎಂದರೆ 120 ಚೆಂಡು. ಪ್ರತಿ ಚೆಂಡಿಗೂ ದೂರದಿಂದ ಓಡಿ ಬರಬೇಕು. ಮೈಭಾರವನ್ನೆಲ್ಲ ಮುಂದಿನ ಕಾಲಿನ ಮೇಲೆ ಹಾಕಬೇಕು. ತೋಳನ್ನು ಚಾಟಿಯಂತೆ ಬೀಸಬೇಕು. ಭುಜದ ಗುಂಡನ್ನು ಅದರ ಗೂಡಿನಲ್ಲಿ ಹಿಡಿದಿಟ್ಟಿರುವುದು ನಾಲ್ಕು ಸಣ್ಣ ಸ್ನಾಯುಗಳು. ಅವು ಸವೆದರೆ ಗಿರಣಿಯ ಬೇರಿಂಗಿನಂತೆ ತೆಗೆದು ಹೊಸದು ಹಾಕಲು ಬರುವುದಿಲ್ಲ.

1996ರಲ್ಲಿ ಭಾರತದ ತಂಡಕ್ಕೆ ಒಂದರ ಮೇಲೊಂದು ಪಂದ್ಯಗಳು ಬಿದ್ದವು: ವಿಶ್ವಕಪ್, ಇಂಗ್ಲೆಂಡ್ ಪ್ರವಾಸ, ಕೊಲಂಬೊ, ಟೊರಾಂಟೊ, ಮತ್ತೆ ದಕ್ಷಿಣ ಆಫ್ರಿಕ. ಆ ನವೆಂಬರಿನಲ್ಲಿ ಅಹಮದಾಬಾದಿನ ಸತ್ತ ಪಿಚ್ಚಿನ ಮೇಲೆ ಶ್ರೀನಾಥ್ 21 ರನ್ನಿಗೆ 6 ವಿಕೆಟ್ ಕಿತ್ತರು. 170 ರನ್ ಗುರಿಯಿದ್ದ ದಕ್ಷಿಣ ಆಫ್ರಿಕ 105ಕ್ಕೆ ಮುಗಿಯಿತು. ಕೆಲವು ತಿಂಗಳಲ್ಲೇ, 1997ರ ಆರಂಭದಲ್ಲಿ, ಅದೇ ಭುಜ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಶಸ್ತ್ರಚಿಕಿತ್ಸೆಯಾಯಿತು. ಕೌಂಟಿಯೊಂದೇ ಕಾರಣವೆಂದರೆ ಅನ್ಯಾಯ. ದುಡಿಸಿಕೊಂಡವರು ಎರಡೂ ಕಡೆ ಇದ್ದರು. ಕೌಂಟಿಯಲ್ಲಿ ಕರಾರಿನ ಕಾಗದವಾದರೂ ಇತ್ತು.

ಮತ್ತೆ ಬೌಲ್ ಮಾಡಲಾರರೆಂದು ಬಹಳ ಜನ ಅಂದುಕೊಂಡರು. ವರ್ಷ ಮುಗಿಯುವುದರೊಳಗೆ ಮರಳಿ ಬಂದರು. 1999ರ ಫೆಬ್ರವರಿಯಲ್ಲಿ ಕಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 132 ರನ್ನಿಗೆ 13 ವಿಕೆಟ್ ತೆಗೆದರು. ಆದರೂ ಭಾರತ ಸೋತಿತು. ಅದಕ್ಕೆ ಮುಂಚೆ ಅದೇ ತಿಂಗಳು ದೆಹಲಿಯಲ್ಲಿ ಕುಂಬ್ಳೆಗೆ ಹತ್ತನೆಯ ವಿಕೆಟ್ ಸಿಗಲೆಂದು ಈ ತುದಿಯಿಂದ ಶ್ರೀನಾಥ್ ಬೇಕೆಂದೇ ಆಚೆಗೆ ಚೆಂಡು ಹಾಕಿದರು. ಅದರ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

2002ರಲ್ಲಿ ಟೆಸ್ಟ್ ಸಾಕೆಂದು ಹೇಳಿ ಮತ್ತೆ ಇಂಗ್ಲೆಂಡಿಗೆ ಹೋದರು. ಈ ಸಲ ಲೆಸ್ಟರ್‌ಶೈರಿಗೆ. ನಾಯಕ ಗಂಗೂಲಿಯವರು ಒತ್ತಾಯಿಸಿ ತಂಡಕ್ಕೆ ಹಿಂದಕ್ಕೆ ಕರೆಸಿದರು. 2003ರ ವಿಶ್ವಕಪ್ ಮುಗಿಸಿ ಶ್ರೀನಾಥ್ ಚೆಂಡು ಕೆಳಗಿಟ್ಟಾಗ 67 ಟೆಸ್ಟುಗಳಲ್ಲಿ 236, ಒಂದು ದಿನದ 229 ಪಂದ್ಯಗಳಲ್ಲಿ 315 ವಿಕೆಟ್ ಅವರ ಹೆಸರಿನಲ್ಲಿದ್ದವು. 2006ರಿಂದ ಪಂದ್ಯಗಳ ರೆಫರಿಯಾಗಿ ದೇಶದಿಂದ ದೇಶಕ್ಕೆ ತಿರುಗಿದರು. ಕಲ್ಯಾಣದ ಮಿತ್ರರು ಮುಂದಿನ ಭಾನುವಾರ ಬಂದಾಗ ಈ ಪುಟವನ್ನೇ ಅವರ ಕೈಗೆ ಕೊಡುವುದೆಂದು ಮಾಡಿದ್ದೇವೆ.