ಯಾವ ಕಾರು ಮುಂದೆ? ಮೊದಲು ಅಳತೆ ಹೇಗಾಯಿತು ಹೇಳಿ

ಕಾರುಗಳ ಟ್ರಂಪ್ ಕಾರ್ಡ್ ಆಟ ಗೊತ್ತಿಲ್ಲದ ಹುಡುಗರು ಕಡಿಮೆ. ಒಂದೊಂದು ಕಾರ್ಡಿನಲ್ಲೂ ಒಂದು ಕಾರಿನ ಚಿತ್ರ, ಕೆಳಗೆ ಅದರ ಅಶ್ವಶಕ್ತಿ, ತೂಕ, ಗರಿಷ್ಠ ವೇಗ. ಒಬ್ಬ ‘627’ ಎನ್ನುತ್ತಾನೆ, ಇನ್ನೊಬ್ಬ ‘1001’ ಎಂದು ಕೂಗಿ ಕಾರ್ಡು ಕಿತ್ತುಕೊಳ್ಳುತ್ತಾನೆ. ಈಗ ಕಾರ್ಡಿನ ಜಾಗಕ್ಕೆ ಮೊಬೈಲು ಬಂದಿದೆ, ವಾದ ಮಾತ್ರ ಹಾಗೆಯೇ ಉಳಿದಿದೆ. ಊಟದ ಬಿಡುವಿನಲ್ಲಿ ಅದು ವಿಜ್ಞಾನದ ಮೇಷ್ಟರ ತೀರ್ಪಿಗೂ ಬರುವುದುಂಟು. ನಾನು ಕೇಳುವುದು ಇಷ್ಟೇ: ಈ ಅಂಕಿಯನ್ನು ಅಳೆದವರು ಯಾರು, ಹೇಗೆ ಅಳೆದರು?

ಮೇಲಿನ ಎರಡು ಅಂಕಿಗಳನ್ನೇ ನೋಡೋಣ. 627 ಅಶ್ವಶಕ್ತಿ ಬ್ರಿಟನ್ನಿನ ಮೆಕ್‌ಲಾರೆನ್ ಎಫ್1 ಕಾರಿನದು. 1998ರಲ್ಲಿ ಇದು ಗಂಟೆಗೆ 386 ಕಿ.ಮೀ. ವೇಗ ಮುಟ್ಟಿ ಹೆಸರು ಮಾಡಿತು. 1001 ಅಶ್ವಶಕ್ತಿ 2005ರಲ್ಲಿ ಬಂದ ಬುಗಾಟಿ ವೇರಾನ್‌ನದು. ಆದರೆ ಮೆಕ್‌ಲಾರೆನ್ ತೂಗುವುದು ಸುಮಾರು 1140 ಕಿಲೋ, ಬುಗಾಟಿ ಸುಮಾರು 1890 ಕಿಲೋ. ಭಾಗಿಸಿ ನೋಡಿ. ಟನ್ನಿಗೆ ಮೆಕ್‌ಲಾರೆನ್‌ನದು 550 ಅಶ್ವಶಕ್ತಿ, ಬುಗಾಟಿಯದು 530. ಹಳೆಯ ಕಾರೇ ಮುಂದೆ!

ಹಾಗಿದ್ದೂ, ನಿಂತಲ್ಲಿಂದ ಹೊರಟು ಗಂಟೆಗೆ 100 ಕಿ.ಮೀ. ವೇಗ ಪಡೆಯಲು ಬುಗಾಟಿಗೆ ಎರಡೂವರೆ ಸೆಕೆಂಡು ಸಾಕು, ಮೆಕ್‌ಲಾರೆನ್‌ಗೆ ಮೂರಕ್ಕಿಂತ ಹೆಚ್ಚು ಬೇಕು. ಕೆಸರು ಗದ್ದೆಯಲ್ಲಿ ಟ್ರ್ಯಾಕ್ಟರಿನ ಹಿಂದಿನ ಚಕ್ರ ನಿಂತಲ್ಲೇ ಗರಗರ ತಿರುಗುವುದನ್ನು ಕಂಡವರಿಗೆ ಇದರ ಕಾರಣ ಹೊಳೆಯುತ್ತದೆ. ಎಂಜಿನ್ನಿನ ಶಕ್ತಿ ರಸ್ತೆಗೆ ತಲುಪಬೇಕಾದದ್ದು ಟೈರಿನ ಮೂಲಕ. ಮೆಕ್‌ಲಾರೆನ್‌ನಲ್ಲಿ ಹಿಂದಿನ ಎರಡು ಚಕ್ರಗಳು ಮಾತ್ರ ಕಾರನ್ನು ತಳ್ಳುತ್ತವೆ, ಬುಗಾಟಿಯಲ್ಲಿ ನಾಲ್ಕೂ ತಳ್ಳುತ್ತವೆ. ಘರ್ಷಣೆಯ ಗುಣಾಂಕ 1 ಎಂದಿಟ್ಟುಕೊಂಡರೆ, ಚಕ್ರಗಳ ಬಲದಿಂದಷ್ಟೇ ಓಡುವ ಕಾರಿನ ವೇಗೋತ್ಕರ್ಷ ಗುರುತ್ವದ 9.8ನ್ನು ಮೀರಲಾರದು. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್, ಅದಕ್ಕೆ ಕನಿಷ್ಠ 2.8 ಸೆಕೆಂಡು ಬೇಕು. ಇದಕ್ಕಿಂತ ಬೇಗ ತಲುಪಬೇಕಾದರೆ ಟೈರು ರಸ್ತೆಯನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಹೀಗಾಗಿ ‘ಸೊನ್ನೆಯಿಂದ ನೂರು’ ಎಂಜಿನ್ನಿಗೆ ಎಷ್ಟು ಪರೀಕ್ಷೆಯೋ ಟೈರಿಗೂ ಅಷ್ಟೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದ ಕಾರು ಪತ್ರಿಕೆಗಳ ರೂಢಿಯಲ್ಲಿ, ಕಾರು ಒಂದು ಅಡಿ ಮುಂದೆ ಸರಿದ ಮೇಲೆ ಗಡಿಯಾರ ಶುರುವಾಗುತ್ತದೆ. ಒಂದು ಅಡಿ ತಾನೇ ಎನ್ನಬೇಡಿ. ಒಂಬತ್ತನೇ ತರಗತಿಯ ಸೂತ್ರದಲ್ಲಿ ದೂರ 0.3 ಮೀಟರ್, ವೇಗೋತ್ಕರ್ಷ 10 ಎಂದು ಹಾಕಿದರೆ ಸುಮಾರು ಕಾಲು ಸೆಕೆಂಡು ಬರುತ್ತದೆ. ಒಂದೊಂದು ದಶಾಂಶಕ್ಕೂ ಜಗಳವಾಡುವವರಿಗೆ ಇದು ಸಣ್ಣ ಉಡುಗೊರೆಯಲ್ಲ.

ಗರಿಷ್ಠ ವೇಗದ ಲೆಕ್ಕ ಇನ್ನೂ ಕಠಿಣ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನಕ್ಕೆ ಅನುಗುಣವಾಗಿ. 200ರಿಂದ 400ಕ್ಕೆ ಏರಬೇಕಾದರೆ ಸುಮಾರು ಎಂಟರಷ್ಟು ಶಕ್ತಿ ಬೇಕು. ತುದಿಯ ಒಂದೊಂದು ಕಿಲೋಮೀಟರೂ ಇಷ್ಟು ದುಬಾರಿಯಾದಾಗ, ಹಿಂದಿನಿಂದ ಬೀಸುವ ಗಾಳಿ ಅದನ್ನು ಪುಕ್ಕಟೆಯಾಗಿ ಕೊಟ್ಟುಬಿಡಬಹುದು. ಅದಕ್ಕೇ ದಾಖಲೆಗೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುವ ಪದ್ಧತಿ. 2010ರಲ್ಲಿ ಜರ್ಮನಿಯ ಎರಾ-ಲೆಸ್ಸಿಯನ್ ಪಥದಲ್ಲಿ ಬುಗಾಟಿ ವೇರಾನ್ ಸೂಪರ್ ಸ್ಪೋರ್ಟ್ ಒಂದು ದಿಕ್ಕಿನಲ್ಲಿ 427.93, ಇನ್ನೊಂದು ದಿಕ್ಕಿನಲ್ಲಿ 434.21 ಕಿ.ಮೀ. ವೇಗದಲ್ಲಿ ಓಡಿತು. ಅದೇ ಕಾರು, ಅದೇ ರಸ್ತೆ, ಆರು ಕಿಲೋಮೀಟರಿನ ಅಂತರ! ದಾಖಲೆಯಾದದ್ದು 431.07. (ಟೈರಿನ ಸುರಕ್ಷತೆಗಾಗಿ ಗ್ರಾಹಕರಿಗೆ ಮಾರಿದ ಕಾರುಗಳ ವೇಗವನ್ನು 415ಕ್ಕೆ ಕಟ್ಟಿಹಾಕಿದ್ದರು. ಕೊಂಡವನಿಗೇ ಸಿಗದ ವೇಗ ದಾಖಲೆಯಾಗಬಹುದೇ ಎಂಬ ಚರ್ಚೆ 2013ರಲ್ಲಿ ಗಿನ್ನೆಸ್‌ನವರನ್ನೂ ಕಾಡಿತು.) 2014ರಲ್ಲಿ ಅಮೆರಿಕದ ಹೆನ್ನೆಸ್ಸಿ ವೆನಮ್ ಜಿಟಿ 435.31 ಮುಟ್ಟಿತು, ಆದರೆ ಒಂದೇ ದಿಕ್ಕಿನಲ್ಲಿ. ಹಿಂತಿರುಗಿ ಓಡಿದ್ದರೆ ಎಷ್ಟು ಬರುತ್ತಿತ್ತೋ!

ಇಷ್ಟೆಲ್ಲ ವಾದದಲ್ಲಿ ನಿಲ್ಲುವ ದೂರದ ಮಾತೇ ಬರುವುದಿಲ್ಲವೆಂಬುದು ನನ್ನ ತಕರಾರು. ಒಳ್ಳೆಯ ಟೈರು, ಒಣ ರಸ್ತೆ ಇದ್ದರೂ 100 ಕಿ.ಮೀ. ವೇಗದ ಕಾರು ಬ್ರೇಕು ಹಿಡಿದ ಮೇಲೆ ನಿಲ್ಲಲು ಸುಮಾರು 40 ಮೀಟರ್ ಬೇಕು. 200ರಲ್ಲಿ ಸುಮಾರು 160. ವೇಗ ಇಮ್ಮಡಿ, ದೂರ ನಾಲ್ಮಡಿ. ಚಾಲಕ ಅಪಾಯ ಕಂಡು ಬ್ರೇಕು ತುಳಿಯುವುದರೊಳಗೆ ಸಾಗುವ ದೂರ ಇದರಲ್ಲಿ ಸೇರಿಲ್ಲ. ಮಗನಿಗೆ ಬೈಕು ಕೊಡಿಸಲು ಹೊರಟ ತಂದೆ-ತಾಯಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು, ಮೈಲೇಜು ಆಮೇಲೆ.

ಅಂಕಿಯನ್ನು ಪ್ರಶ್ನಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ 2020ರ ಅಕ್ಟೋಬರಿನ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಎಸ್‌ಎಸ್‌ಸಿ ಕಂಪನಿ ತನ್ನ ಟುವಾಟಾರಾ ಕಾರು ನೆವಾಡಾದ ಹೆದ್ದಾರಿಯಲ್ಲಿ ಎರಡು ದಿಕ್ಕಿನ ಸರಾಸರಿಯಾಗಿ ಗಂಟೆಗೆ 508 ಕಿ.ಮೀ. ಓಡಿತೆಂದು ಪ್ರಕಟಿಸಿತು. ಪತ್ರಿಕೆಗಳೆಲ್ಲ ಹೊಗಳಿದವು. ಆದರೆ ಕೆಲವು ಕಾರು ಪ್ರಿಯರು ಆ ಓಟದ ವಿಡಿಯೊ ಇಟ್ಟುಕೊಂಡು ಕುಳಿತರು. ರಸ್ತೆ ಬದಿಯ ಗುರುತುಗಳನ್ನು ಉಪಗ್ರಹ ನಕ್ಷೆಯಲ್ಲಿ ಹುಡುಕಿ ದೂರ ಅಳೆದರು, ಒಂದು ಗುರುತಿನಿಂದ ಇನ್ನೊಂದಕ್ಕೆ ಹೋಗಲು ಹಿಡಿದ ಸಮಯವನ್ನು ವಿಡಿಯೊದಿಂದ ತೆಗೆದರು. ಉದಾಹರಣೆಗೆ, 500 ಕಿ.ಮೀ. ವೇಗದ ಕಾರು ಮೂರು ಕಿಲೋಮೀಟರನ್ನು 21.6 ಸೆಕೆಂಡಿನಲ್ಲಿ ದಾಟಬೇಕು. 27 ಸೆಕೆಂಡು ಹಿಡಿದರೆ ಅದರ ವೇಗ 400 ಮಾತ್ರ. ದೂರವನ್ನು ಕಾಲದಿಂದ ಭಾಗಿಸುವ ಈ ಲೆಕ್ಕ ಕಂಪನಿಯ ಘೋಷಣೆಗೆ ತಾಳೆಯಾಗಲಿಲ್ಲ. 2021ರ ಜುಲೈನಲ್ಲಿ ಕಂಪನಿ, ಮೊದಲು ಹೇಳಿದ ವೇಗ ಮುಟ್ಟಿರಲಿಲ್ಲವೆಂದು ಒಪ್ಪಿಕೊಂಡಿತು.

ಅಷ್ಟರಲ್ಲಿ, ಅದೇ ವರ್ಷದ ಜನವರಿಯಲ್ಲಿ, ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಓಡುಪಥದಲ್ಲಿ ಆ ಕಾರನ್ನು ಮತ್ತೆ ಓಡಿಸಿ ಅಳೆದಿದ್ದರು. ಎರಡು ದಿಕ್ಕಿನ ಸರಾಸರಿ 455.3 ಬಂದಿತ್ತು. ಸ್ವೀಡನ್ನಿನ ಕೊನಿಗ್‌ಸೆಗ್ ಅಗೇರಾ ಆರ್‌ಎಸ್ 2017ರಲ್ಲಿ ಅದೇ ನೆವಾಡಾ ರಾಜ್ಯದ ಹೆದ್ದಾರಿಯಲ್ಲಿ ಮಾಡಿದ್ದ 447.19ಕ್ಕಿಂತ ಇದು ಎಂಟು ಕಿಲೋಮೀಟರ್ ಹೆಚ್ಚು.