ಗೃಹವಿದ್ಯುತ್ತಿನ ಸುರಕ್ಷತೆ: ಬಾಡಿಗೆದಾರರೂ ಅರಿಯಬೇಕಾದ ಲೆಕ್ಕ

ವರ್ಗಾವಣೆಯ ವೃತ್ತಿಯಲ್ಲಿರುವ ನಮ್ಮಂಥವರಿಗೆ ಹೊಸ ಊರೆಂದರೆ ಹೊಸ ಬಾಡಿಗೆಯ ಮನೆ. ನಾಸಿಕದ ಸಾತಪೂರ, ಅಂಬಡ, ನಾಸಿಕ್ ರೋಡುಗಳಲ್ಲಾಗಲಿ, ಛತ್ರಪತಿ ಸಂಭಾಜಿನಗರದ ಚಿಕಲಠಾಣಾ, ವಾಳೂಜ, ಸಿಡ್ಕೋ ಬಡಾವಣೆಗಳಲ್ಲಾಗಲಿ ಮನೆ ಹುಡುಕುವ ಕನ್ನಡಿಗರು ನೀರು, ಶಾಲೆ, ಬಾಡಿಗೆ, ಠೇವಣಿ ಇವುಗಳನ್ನು ಕೂಲಂಕಷವಾಗಿ ವಿಚಾರಿಸುತ್ತಾರೆ. ಗೋಡೆಯೊಳಗಿನ ತಂತಿಗಳ ಸ್ಥಿತಿಗತಿಯನ್ನು ವಿಚಾರಿಸುವವರು ವಿರಳ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಂತೆ ೨೦೨೧ರಲ್ಲಿ ನಮ್ಮ ದೇಶದಲ್ಲಿ ೧೨,೦೦೦ಕ್ಕೂ ಹೆಚ್ಚು ಜನರು ವಿದ್ಯುದಾಘಾತದಿಂದ ಮೃತಪಟ್ಟರು. ಹೊಲಗದ್ದೆ, ಕಾರ್ಖಾನೆಗಳ ಅಪಘಾತಗಳೂ ಇದರಲ್ಲಿ ಸೇರಿವೆಯಾದರೂ, ಮನೆಯೊಳಗಿನ ಸಾವುಗಳನ್ನು ತಡೆಯುವ ಉಪಾಯವಂತೂ ನಮ್ಮ ಕೈಯಲ್ಲಿಯೇ ಇದೆ.

ದೇಹ ಮತ್ತು ವಿದ್ಯುತ್ತು

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ ೨೩೦ ವೋಲ್ಟು. ಪ್ರಾಣಕ್ಕೆ ಎರವಾಗುವುದು ದೇಹದ ಮೂಲಕ ಹರಿಯುವ ಪ್ರವಾಹ. ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗವಾದ ಒಂದು ಮಿಲಿಆಂಪಿಯರ್ ಹರಿದರೆ ಚುರುಗುಟ್ಟಿದ ಅನುಭವವಾಗುತ್ತದೆ. ಸುಮಾರು ೧೦ ಮಿಲಿಆಂಪಿಯರಿಗೆ ಸ್ನಾಯುಗಳು ಬಿಗಿದು, ಹಿಡಿದ ಕೈಯನ್ನು ಬಿಡಿಸಿಕೊಳ್ಳಲಾಗದು. ೩೦ ಮಿಲಿಆಂಪಿಯರಿಗೆ ಉಸಿರಾಟಕ್ಕೆ ಅಡ್ಡಿ. ೫೦ರಿಂದ ೧೦೦ಕ್ಕೆ ಹೃದಯದ ಲಯ ತಪ್ಪಿ ಮರಣ ಸಂಭವಿಸಬಹುದು. ಒದ್ದೆ ಮೈಯ ಪ್ರತಿರೋಧ ಸುಮಾರು ೧,೦೦೦ ಓಮ್ ಎಂದಿಟ್ಟುಕೊಂಡರೆ ೨೩೦ ಮಿಲಿಆಂಪಿಯರ್ ಹರಿಯುತ್ತದೆ. ಸ್ನಾನದ ಮನೆಯ ಅಪಘಾತಗಳು ಘೋರವಾಗುವುದು ಇದರಿಂದಲೇ.

ಈಗ ಬಹುತೇಕ ಮನೆಗಳಲ್ಲಿ ಎಂ.ಸಿ.ಬಿ. ಎಂಬ ಸ್ವಯಂಚಾಲಿತ ಸ್ವಿಚ್ಚು ಇರುತ್ತದೆ. ಅದಿದ್ದರೆ ಸಾಕೆಂಬ ಭಾವನೆ ಸಾರ್ವತ್ರಿಕವಾಗಿದೆ. ಆದರೆ ೧೬ ಆಂಪಿಯರಿನ ಎಂ.ಸಿ.ಬಿ.ಯು ಪ್ರವಾಹ ಆ ಮಿತಿಯನ್ನು ಮೀರಿದಾಗ ಮಾತ್ರ ಕೆಲಸ ಮಾಡುತ್ತದೆ. ೧೬ ಆಂಪಿಯರ್ ಎಂದರೆ ೧೬,೦೦೦ ಮಿಲಿಆಂಪಿಯರ್! ಉಸಿರು ನಿಲ್ಲಿಸುವ ಪ್ರಮಾಣದ ಐನೂರಕ್ಕೂ ಹೆಚ್ಚು ಪಟ್ಟು. ಅದು ತಂತಿಯನ್ನು ಬೆಂಕಿಯಿಂದ ರಕ್ಷಿಸುವ ಸಾಧನ, ಮನುಷ್ಯನನ್ನು ರಕ್ಷಿಸಲಾರದು.

ಜಮಾ–ಖರ್ಚಿನ ತಾಳೆ

ಮನುಷ್ಯನನ್ನು ರಕ್ಷಿಸುವ ಸಾಧನದ ಹೆಸರು ಆರ್.ಸಿ.ಸಿ.ಬಿ. ಇದರ ತತ್ವ ಬ್ಯಾಂಕಿನ ದಿನದ ಲೆಕ್ಕದಂತೆಯೇ ಸರಳವಾದುದು. ಫೇಸ್ ತಂತಿಯಲ್ಲಿ ಹೋದ ಪ್ರವಾಹವೆಲ್ಲವೂ ನ್ಯೂಟ್ರಲ್ ತಂತಿಯಲ್ಲಿ ಹಿಂತಿರುಗಬೇಕು. ತಾಳೆಯಾಗದಿದ್ದರೆ ಎಲ್ಲಿಯೋ ಸೋರಿಕೆಯಾಗಿದೆಯೆಂದರ್ಥ. ಆ ಸೋರಿಕೆಯ ಮಾರ್ಗ ಒಬ್ಬ ಮನುಷ್ಯನ ದೇಹವೂ ಆಗಿರಬಹುದು. ವ್ಯತ್ಯಾಸ ೩೦ ಮಿಲಿಆಂಪಿಯರ್ ತಲುಪುವಷ್ಟರಲ್ಲಿ ಈ ಸಾಧನ ಸೆಕೆಂಡಿನ ಒಂದಂಶದೊಳಗೆ ಸಂಪರ್ಕವನ್ನು ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ೨೦೨೩ರ ಸುರಕ್ಷತಾ ನಿಯಮಗಳೂ ಗೃಹಬಳಕೆಗೆ ಈ ೩೦ ಮಿಲಿಆಂಪಿಯರಿನ ಮಿತಿಯನ್ನೇ ವಿಧಿಸಿವೆ. ಅದರ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಸಂಪರ್ಕ ಕಡಿಯುವುದೇ ಎಂದು ಪರೀಕ್ಷಿಸುವುದು ಅವಶ್ಯ.

ಎರಡು ಊರುಗಳ ವಿಶೇಷ

ಸಂಭಾಜಿನಗರದ ಬೇಸಿಗೆಯಲ್ಲಿ ತಾಪಮಾನ ೪೦ ಡಿಗ್ರಿ ದಾಟುತ್ತದೆ, ಮನೆಮನೆಯಲ್ಲೂ ಕೂಲರು. ಲೋಹದ ಪೆಟ್ಟಿಗೆ, ಒಳಗೆ ನೀರು, ನೀರಿನಲ್ಲಿ ವಿದ್ಯುತ್ ಪಂಪು—ಇದಕ್ಕಿಂತ ಅಪಾಯಕರ ಸಂಯೋಗ ಇನ್ನೊಂದಿಲ್ಲ. ಪ್ಲಗ್ಗನ್ನು ಕಿತ್ತ ಹೊರತು ಕೂಲರಿಗೆ ನೀರು ತುಂಬಕೂಡದು. ನೆಲದೊಳಗಿನ ತೊಟ್ಟಿಯಿಂದ ನೀರೆತ್ತುವ ಮೋಟಾರಿಗೂ ಇದೇ ಎಚ್ಚರ ಸಲ್ಲುತ್ತದೆ.

ನಾಸಿಕದಲ್ಲಿ ಮಳೆಗಾಲದ ತೇವ, ಚಳಿಗಾಲದ ಗೀಸರು. ೨,೦೦೦ ವ್ಯಾಟಿನ ಗೀಸರು ಸುಮಾರು ೯ ಆಂಪಿಯರ್ ಎಳೆಯುತ್ತದೆ. ಅದನ್ನು ೬ ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಜೋಡಿಸಿದರೆ ಸಾಕೆಟ್ಟು ಕರಗುವುದು ನಿಶ್ಚಿತ. ಪಂಚವಟಿಯ ಹಳೆಯ ವಾಡೆಗಳಲ್ಲಿ ನೆಲೆಸುವವರು ಗೋಡೆಯ ತೇವವನ್ನೂ ತಂತಿಯ ವಯಸ್ಸನ್ನೂ ವಿಶೇಷವಾಗಿ ಗಮನಿಸಬೇಕು.

ಅರ್ಥಿಂಗಿನ ವಿಷಯದಲ್ಲಿ ಎರಡೂ ಊರುಗಳ ಕಷ್ಟ ಒಂದೇ. ದಖ್ಖನಿನ ಕರಿಗಲ್ಲಿನ ಮೇಲೆ ತೆಳುವಾಗಿ ಹರಡಿದ ಕಪ್ಪು ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಒಣಮಣ್ಣು ಪ್ರವಾಹವನ್ನು ಸುಲಭವಾಗಿ ಒಯ್ಯದು. ಆದಕಾರಣ ಅರ್ಥಿಂಗಿನ ಗುಂಡಿಗೆ ಬೇಸಿಗೆಯಲ್ಲಿ ಆಗಾಗ್ಗೆ ನೀರುಣಿಸಬೇಕು. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯೇ ಅರ್ಥಿನದು. ಅದನ್ನು ಮುರಿದು ಬಳಸುವುದು ಆತ್ಮಘಾತಕ.

ಕುಶಲಕರ್ಮಿಯ ಆಯ್ಕೆ

ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯು ೨೦೦೫ರಲ್ಲಿ ವಿಭಜನೆಗೊಂಡ ಮೇಲೆ ಈ ಎರಡೂ ನಗರಗಳ ವಿತರಣೆ ಮಹಾವಿತರಣ ಸಂಸ್ಥೆಗೆ ಸೇರಿತು. ಆದರೆ ಮೀಟರಿನಿಂದಾಚೆಯ, ಮನೆಯೊಳಗಿನ ತಂತಿಗಳ ಹೊಣೆ ಮನೆಯವರದು. ಆ ಹೊಣೆಯನ್ನು ಯಾರ ಕೈಗೊಪ್ಪಿಸುತ್ತೇವೆ ಎಂಬುದು ಮುಖ್ಯ. ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬಹುದು.

೧. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಯ ಅವಧಿ ಎರಡು ವರ್ಷ. ಇದರ ಮೇಲೆ ರಾಜ್ಯದ ಪರವಾನಗಿ ಇರಬೇಕು. “ಪರವಾನಾ ಆಹೇ ಕಾ?” ಎಂದು ಮರಾಠಿಯಲ್ಲಿ ಕೇಳಲು ಸಂಕೋಚ ಬೇಡ, ಯೋಗ್ಯನಾದವನು ಇದರಿಂದ ಮುನಿಯಲಾರ.

೨. ಕೆಲಸಕ್ಕೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ನೋಡುವವನನ್ನು ನಂಬಬಹುದು.

೩. ಕೆಂಪು, ಹಳದಿ ಅಥವಾ ನೀಲಿ ಫೇಸಿಗೆ; ಕಪ್ಪು ನ್ಯೂಟ್ರಲಿಗೆ; ಹಸಿರು ಅರ್ಥಿಗೆ. ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಜೋಡಿಸಗೊಡಬಾರದು. ಸ್ವಿಚ್ಚು ಫೇಸನ್ನೇ ಕಡಿಯಬೇಕು.

೪. ತಂತಿ, ಸ್ವಿಚ್ಚುಗಳ ಮೇಲೆ ಐ.ಎಸ್.ಐ. ಗುರುತಿರಲಿ, ಸಾಮಾನಿಗೂ ಕೂಲಿಗೂ ಪಾವತಿ ಪಡೆಯಿರಿ. ಅದೃಷ್ಟವಶಾತ್ ‘ಪಾವತಿ’ ಎಂಬ ಪದ ಎರಡೂ ಭಾಷೆಗಳಲ್ಲಿ ಇದೆ!

“ಹನ್ನೊಂದು ತಿಂಗಳ ಕರಾರಿನ ಮನೆಗೆ ನಾವೇಕೆ ಖರ್ಚು ಮಾಡಬೇಕು?” ಎಂಬುದು ಸಹಜವಾದ ಪ್ರಶ್ನೆ. ಮಾಲೀಕರನ್ನು ಮೊದಲು ಕೇಳುವುದು ಯುಕ್ತವೇ. ಅವರು ಒಪ್ಪದಿದ್ದಲ್ಲಿ ಅವರ ಅನುಮತಿ ಪಡೆದು ನಾವೇ ಹಾಕಿಸಬೇಕು. ಆರ್.ಸಿ.ಸಿ.ಬಿ.ಗೆ ತಗಲುವುದು ಸುಮಾರು ಎರಡು ಸಾವಿರ ರೂಪಾಯಿ. ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಮರಣಕ್ಕೆ ೨ ಲಕ್ಷ ರೂಪಾಯಿ ದೊರೆಯುತ್ತದೆ. ಆ ಅರ್ಜಿಯನ್ನು ಹಿಡಿದು ಬ್ಯಾಂಕಿಗೆ ಬರುವ ಕುಟುಂಬಕ್ಕೆ ಹಣ ಸಂದಾಯವಾಗಬಹುದು; ಹೋದವರು ಮಾತ್ರ ಬರಲಾರರು.

ಅಪಘಾತ ಸಂಭವಿಸಿದರೆ

ಆಘಾತಕ್ಕೊಳಗಾದವರನ್ನು ಮುಟ್ಟದೆ ಮೊದಲು ಮೇನ್ ಸ್ವಿಚ್ಚನ್ನು ಆರಿಸಿರಿ. ಅದು ಸಾಧ್ಯವಾಗದಿದ್ದರೆ ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಿರಿ. ೧೦೮ಕ್ಕೆ ಕರೆ ಮಾಡಿರಿ. ಪ್ರಜ್ಞೆಯೂ ಸರಿಯಾದ ಉಸಿರಾಟವೂ ಇಲ್ಲದಿದ್ದರೆ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ ೧೦೦ರಿಂದ ೧೨೦ ಬಾರಿ, ೫ ಸೆಂಟಿಮೀಟರಿನಷ್ಟು ಒತ್ತುತ್ತಿರಬೇಕು; ನೆರವು ಬರುವವರೆಗೂ ನಿಲ್ಲಿಸಬಾರದು. ಎಚ್ಚೆತ್ತು ಕುಳಿತರೂ ಆಸ್ಪತ್ರೆಗೆ ಒಯ್ಯಲೇಬೇಕು: ಹೃದಯದ ಲಯದ ದೋಷ, ಒಳಗಿನ ಸುಟ್ಟಗಾಯಗಳು ಹೊರಗೆ ಕಾಣುವುದಿಲ್ಲ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಸಂಘದ ಸದಸ್ಯ ಬಾಂಧವರು ಈ ವಾರವೇ ತಮ್ಮ ಮನೆಯ ಸ್ವಿಚ್ ಬೋರ್ಡಿನ ಮುಂದೆ ನಿಂತು ‘ಟಿ’ ಗುಂಡಿ ಇದೆಯೇ ಎಂದು ನೋಡಲಿ. ಇದ್ದರೆ ಒತ್ತಲಿ, ಇಲ್ಲದಿದ್ದರೆ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನಿಗೆ ಹೇಳಿಕಳುಹಿಸಲಿ.